ರಿವಾಲ್ವರ್ ಕೊಳ್ಳೋ ಸಾಹುಕಾರರೇ, ಮೊದಲು ಬೀಗ ಕೊಳ್ಳಿ!

ದಾವಣಗೆರೆ ಮಂಡಿಪೇಟೆಯಲ್ಲಿ ಚಹಾ ಕುಡಿಯೋ ಹೊತ್ತಿಗೆ ಮೆಕ್ಕೆಜೋಳದ ರೇಟು ಬಿಟ್ಟು ರಿವಾಲ್ವರ್ ರೇಟಿನ ಮಾತು ಶುರುವಾಗಿದೆ. ಪತ್ರಿಕೆಯವರು ಅಂದ್ರೆ ಎಲ್ಲಾ ಬಲ್ಲವರು ಅಂತ ಜನ ತಿಳಿದಿರೋದರಿಂದ ನಮ್ಮನ್ನೂ ಹಿಡಿದು ಕೇಳುತ್ತಾರೆ.

"ರೀ ರಿಪೋರ್ಟರ್ ಸಾಹೇಬ್ರೆ, ನೀವು ಪೊಲೀಸರ ಜೊತಿಗೆ ಓಡಾಡೋರು. ಹೊಸದಾಗಿ ತಗೊಳ್ಳೋನಿಗೆ ಯಾವುದು ಚೊಲೋ ಐತಿ ಹೇಳ್ರಲ್ಲ?"

ಕೇಳಿದವರು ಪುಂಡರಲ್ಲ, ರೌಡಿಗಳಲ್ಲ. ಬೆಳಿಗ್ಗೆ ಅಂಗಡಿ ಬಾಗಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಿ, ರಾತ್ರಿ ಒಂಬತ್ತಕ್ಕೆ ದಿನದ ವ್ಯಾಪಾರದ ದುಡ್ಡನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗೋ ವರ್ತಕರು. ಅವರ ಭಯ ಸುಳ್ಳಲ್ಲ. 2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವ ಸಿಬ್ಬಂದಿ ಮೇಲೆ ಗುಂಡು ಹಾರಿಸಿ, ಒಬ್ಬನನ್ನು ಕೊಂದು, ಹಣದ ಪೆಟ್ಟಿಗೆ ಹೊತ್ತುಕೊಂಡು ಬೈಕಿನಲ್ಲಿ ಪರಾರಿಯಾದರು. ಮಾರನೇ ದಿನವೇ ಮಂಗಳೂರು ಪಕ್ಕದ ಕೋಟೆಕಾರಿನ ಸಹಕಾರಿ ಸಂಘಕ್ಕೆ ಮುಸುಕುಧಾರಿಗಳು ನುಗ್ಗಿ ಪಿಸ್ತೂಲು ತೋರಿಸಿ ಬಂಗಾರ ದೋಚಿದರು. ಇದನ್ನೆಲ್ಲಾ ಟೀವಿಯಲ್ಲಿ ನೋಡಿದ ಹೆಂಡತಿ, "ನಿಮಗೇನಾದರೂ ಆದ್ರೆ ನಾವೇನು ಮಾಡಬೇಕು?" ಅಂತ ಕೇಳಿದರೆ ಯಾವ ಸಾಹುಕಾರನಿಗೆ ನಿದ್ದೆ ಬಂದೀತು?

ಆದ್ದರಿಂದ ನಗೆಯಾಡದೆ ಉತ್ತರ ಹೇಳೋಣ. ಅದಕ್ಕೆ ಮೊದಲು ಒಂದು ಅಂಗಡಿಯ ಕಥೆ ಕೇಳಿ.

ಗಲ್ಲಾದಲ್ಲಿ ಕಂಡದ್ದು

ಊರಿನ ಒಬ್ಬ ವರ್ತಕರ ಬಳಿ ಲೈಸೆನ್ಸ್ ಇರೋ ರಿವಾಲ್ವರ್ ಇದೆ. ಹೆಸರು ಬೇಡ. ಒಳ್ಳೆಯವರು, ಕಾಗದಪತ್ರ ಎಲ್ಲಾ ಸರಿಯಿದೆ. ಇಡೋದು ಎಲ್ಲಿ? ಗಲ್ಲಾ ಪೆಟ್ಟಿಗೆಯಲ್ಲಿ, ಕಡತದ ಪುಸ್ತಕದ ಕೆಳಗೆ. "ಕೈಗೆ ಸಿಗೋ ಹಂಗಿರಬೇಕಲ್ರೀ" ಅನ್ನೋದು ಅವರ ವಾದ.

ಒಂದು ಮಧ್ಯಾಹ್ನ ಸಾಹುಕಾರರು ಫೋನಿನಲ್ಲಿದ್ದರು. ಚಹಾ ಕೊಟ್ಟ ಹುಡುಗ ದುಡ್ಡಿಗೆ ಕಾಯುತ್ತಿದ್ದ. ಅವರು ಫೋನು ಕಿವಿಯಿಂದ ತೆಗೆಯದೆ, "ಗಲ್ಲಾದಾಗಿಂದ ತಗೋ" ಅಂತ ಸನ್ನೆ ಮಾಡಿದರು. ಹುಡುಗ ಚಿಲ್ಲರೆ ಹುಡುಕಿದ. ಕೈಗೆ ಬಂದದ್ದು ಚಿಲ್ಲರೆಯಲ್ಲ. ಎರಡೂ ಕೈಯಲ್ಲಿ ಹಿಡಿದು, ನಳಿಗೆಯ ತೂತಿನಲ್ಲಿ ಕಣ್ಣಿಟ್ಟು ನೋಡಿ, "ಯಜಮಾನ್ರೇ, ಇದು ಖರೇದಾ?" ಅಂದ.

ಖರೇದೇ. ಗುಂಡೂ ತುಂಬಿತ್ತು.

ದೇವರು ದೊಡ್ಡವನು, ಏನೂ ಆಗಲಿಲ್ಲ. ಸಾಹುಕಾರರು ನಮಗೆ ಇದನ್ನು ಹೇಳುವಾಗ ಕೈ ನಡುಗುತ್ತಿತ್ತು. ಕಳ್ಳ ಬಂದಾನು ಅಂತ ಕೊಂಡ ವಸ್ತು. ಕಳ್ಳ ಒಂದು ದಿನವೂ ಬರಲಿಲ್ಲ, ಬಂದವನು ಚಹಾದ ಹುಡುಗ. ಈ ಸಂಪಾದಕೀಯ ಬರೆಯಬೇಕಾಗಿ ಬಂದದ್ದು ಆ ಹುಡುಗನಿಗಾಗಿ.

ಯಾವುದು ಒಳ್ಳೆಯದು?

ಈಗ ಕೇಳಿದ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ಆಯ್ಕೆ ಕಡಿಮೆ. 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರು. ಸಿನಿಮಾ ನೋಡಿ ಅದು ಬೇಕು ಅಂದವರು ಆಸೆ ಬಿಡುವುದು ಒಳ್ಳೆಯದು. ನಿಷೇಧಿತ ಆಯುಧ ಅಕ್ರಮವಾಗಿ ಇಟ್ಟುಕೊಂಡರೆ 7ರಿಂದ 14 ವರ್ಷ ಜೈಲು. ವರ್ತಕರಿಗೆ ಹೆಚ್ಚಾಗಿ ಸಿಗೋದು ಪಾಯಿಂಟ್ 32. ಕಾನ್ಪುರದ ಸರಕಾರಿ ಕಾರ್ಖಾನೆಯ ಆರು ಗುಂಡಿನ ರಿವಾಲ್ವರ್ ಬಹುಕಾಲದಿಂದ ಇದೆ. 2014ರಲ್ಲಿ ಹೆಂಗಸರಿಗೆಂದು ಅರ್ಧ ಕಿಲೋ ಆಸುಪಾಸು ತೂಕದ 'ನಿರ್ಭೀಕ್' ಬಂತು. ಆಗಲೇ ಅದರ ಬೆಲೆ 1 ಲಕ್ಷ 22 ಸಾವಿರ ದಾಟಿತ್ತು. 2023ರಲ್ಲಿ 'ಪ್ರಬಲ್' ಬಂತು. ಪಿಸ್ತೂಲು ಬೇಕಾದವರಿಗೆ 'ಅಶನಿ' ಇದೆ.

ರಿವಾಲ್ವರೋ, ಪಿಸ್ತೂಲೋ? ಹೊಸಬರಿಗೆ ರಿವಾಲ್ವರೇ ವಾಸಿ. ಕಾರಣ ಸರಳ. ರಿವಾಲ್ವರಿನ ಉರುಳೆ ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನದು ಹಾಗಲ್ಲ. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. "ಖಾಲಿ ಐತಿ" ಅಂದುಕೊಂಡು ಒರೆಸಲು ಕೂತವರ ಕೈಯಲ್ಲೇ ಅದು ಹಾರುವುದು. ಇನ್ನೊಂದು ಮಾತು: ರಿವಾಲ್ವರಿನ ಪಾಯಿಂಟ್ 32 ಗುಂಡೇ ಬೇರೆ, ಪಿಸ್ತೂಲಿನ ಪಾಯಿಂಟ್ 32 ಗುಂಡೇ ಬೇರೆ. ಹೆಸರು ಒಂದೇ ಅಂತ ಅದನ್ನು ಇದಕ್ಕೆ ತುಂಬೋ ಹಾಗಿಲ್ಲ.

ಇಷ್ಟೇ ಉತ್ತರ. ಆದರೆ ಸಾಹುಕಾರರು ಕೇಳದೇ ಬಿಟ್ಟ ಪ್ರಶ್ನೆಗಳೇ ದೊಡ್ಡವು. ಎಲ್ಲಿಡುತ್ತೀರಿ? ಯಾರಿಂದ ಕಲಿಯುತ್ತೀರಿ? ಯಾವಾಗ ಹಾರಿಸುತ್ತೀರಿ?

ಕಾನೂನು ಏನನ್ನುತ್ತದೆ

1959ರ ಆಯುಧ ಕಾಯಿದೆ, 2016ರ ನಿಯಮಗಳು. ಬಂದೂಕು ಇಟ್ಟುಕೊಳ್ಳೋದು ಹಕ್ಕಲ್ಲ, ಸರಕಾರ ಕೊಡೋ ಅನುಮತಿ ಅಂತ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. 21 ವರ್ಷ ತುಂಬಿರಬೇಕು. ಅರ್ಜಿ ಹೋದ ಮೇಲೆ ಪೊಲೀಸ್ ವರದಿ ಬರಬೇಕು. ಜೀವಕ್ಕೆ ಅಪಾಯ ಇದೆ ಅಂದರೆ ಸಾಲದು, ಜಿಲ್ಲಾಧಿಕಾರಿಗಳಿಗೆ ಅದು ಮನವರಿಕೆ ಆಗಬೇಕು. ಸುರಕ್ಷಿತವಾಗಿ ಇಡುವ ವ್ಯವಸ್ಥೆ, ಬಳಕೆಯ ತರಬೇತಿ, ಎರಡೂ ನಿಯಮದಲ್ಲಿವೆ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಅದೇ ತಿದ್ದುಪಡಿಯಲ್ಲಿ ಮದುವೆ ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿ ಪಕ್ಕದವರ ಜೀವಕ್ಕೆ ಕುತ್ತು ತಂದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಆಯುಧ ಅವರದ್ದೇ ಕೈಯಲ್ಲಿರಬೇಕು. "ರಾತ್ರಿ ಗೋಡೌನ್ ಕಾಯೋನ ಕೈಗೆ ಕೊಟ್ಟಿರ್ತೀನಿ", "ತಮ್ಮ ಹುಬ್ಬಳ್ಳಿಗೆ ಹೋಗ್ತಾನ, ಒಯ್ಯಲಿ ಬಿಡು" ಇವೆಲ್ಲಾ ಅಪರಾಧ. ಕೊಟ್ಟವರಿಗೂ ಕೇಸು, ಇಸಕೊಂಡವರಿಗೂ ಕೇಸು.

ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು ಹೋಗೋ ನಮ್ಮ ಓದುಗರಿಗೂ ಇದು ಸಂಬಂಧಪಟ್ಟದ್ದೇ. ಸಾರ್ವಜನಿಕ ಜಾಗದಲ್ಲಿ ಆಯುಧ ಒಯ್ಯುವಾಗ ಅದು ಚರ್ಮದ ಚೀಲದಲ್ಲೋ ಅಂಥದ್ದೇ ಹೊದಿಕೆಯಲ್ಲೋ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲೇ ಇರಬೇಕು ಅಂತ ನಿಯಮ. ನಿಮ್ಮ ತಲೆ ಮೇಲಿನ ಹಲಗೆಯಲ್ಲಿ ಯಾರದೋ ರೆಕ್ಸಿನ್ ಚೀಲ ಕುಣಿಯುತ್ತಿದೆ, ಅದರೊಳಗೆ ಗುಂಡು ತುಂಬಿದ ರಿವಾಲ್ವರ್ ಇದೆ, ಚೀಲದ ಧಣಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಾನೆ ಅಂತ ಗೊತ್ತಾದರೆ ನೀವು ಕೂತಿರುತ್ತೀರಾ?

ಹಾರಿಸಿದ ಮೇಲೆ?

"ಕಳ್ಳ ಬಂದ್ರ ಹೊಡೆದು ಕೆಡವ್ತೀನಿ" ಅನ್ನೋದು ಸುಲಭ. ಆತ್ಮರಕ್ಷಣೆಯ ಹಕ್ಕು ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಎಷ್ಟು ಬೇಕೋ ಅಷ್ಟೇ. ದರೋಡೆ, ರಾತ್ರಿ ಮನೆ ಒಡೆಯೋದು ಇಂಥ ಸಂದರ್ಭ ಬೇರೆ. ದುಡ್ಡು ಕಸಿದು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲೋದು ನೀವು. ಆಗ ಅಂಗಡಿ ಬಾಗಿಲು ಯಾರು ತೆಗೀತಾರೆ?

ಇನ್ನೂ ಒಂದು ಲೆಕ್ಕ ಹಾಕಿ. ದರೋಡೆಕೋರ ಬರೋದು ಆಯುಧ ಕೈಯಲ್ಲಿ ಹಿಡಿದೇ. ನಿಮ್ಮದು ಗಲ್ಲಾದಲ್ಲಿ, ಪುಸ್ತಕದ ಕೆಳಗೆ. ನಡುವೆ ಇರೋದು ಎರಡು ಮಾರು. ಯಾರು ಮೊದಲು?

ನಮ್ಮ ಜಿಲ್ಲೆಯದೇ ಉದಾಹರಣೆ ನೋಡಿ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಬ್ಯಾಂಕ್ ಶಾಖೆಗೆ ಕಿಟಕಿಯ ಸರಳು ತೆಗೆದು ನುಗ್ಗಿ, ಗ್ಯಾಸ್ ಕಟ್ಟರ್‌ನಿಂದ ಲಾಕರ್ ಕೊರೆದು 17 ಕಿಲೋಗೂ ಹೆಚ್ಚು ಬಂಗಾರ ಒಯ್ದರು. ಒಳಗೆ ಯಾರೂ ಇರಲಿಲ್ಲ. ಎದೆಗೆ ಗುರಿ ಇಡೋಕೆ ಕಳ್ಳನೂ ಎದುರಿಗೆ ಬರಲಿಲ್ಲ. ಆ ಬಂಗಾರ ತಮಿಳುನಾಡಿನ ಒಂದು ಬಾವಿಯಿಂದ ಮೇಲೆ ಬಂದದ್ದು ನಮ್ಮ ಜಿಲ್ಲಾ ಪೊಲೀಸರ ತಿಂಗಳುಗಟ್ಟಲೆ ತನಿಖೆಯಿಂದ, 2025ರ ಮಾರ್ಚ್ ಹೊತ್ತಿಗೆ. ಯಾರ ರಿವಾಲ್ವರಿನಿಂದಲೂ ಅಲ್ಲ.

ಹೇಳಲು ಕಷ್ಟವಾದ ಮಾತೊಂದಿದೆ, ಹೇಳಲೇಬೇಕು. ಮನೆಮನೆಯಲ್ಲಿ ಬಂದೂಕು ಇರೋ ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮಗೆ ತಾವೇ ಹಾರಿಸಿಕೊಂಡವರು. ವ್ಯಾಪಾರ ಅಂದ ಮೇಲೆ ಸಾಲ ಇದೆ, ಲುಕ್ಸಾನು ಇದೆ. ಪರೀಕ್ಷೆ ಫೇಲಾದ ಮಗ, ಮನಸ್ಸು ನೊಂದ ಮಗಳು ಮನೆಯಲ್ಲಿರುತ್ತಾರೆ. ಕೆಟ್ಟ ಗಳಿಗೆ ಎಲ್ಲರಿಗೂ ಬರುತ್ತದೆ, ಬಂದು ಹೋಗುತ್ತದೆ. ಆ ಗಳಿಗೆಯಲ್ಲಿ ಆಯುಧ ಕೈಗೆ ಸಿಗದಿದ್ದರೆ ಆ ಜೀವ ಉಳಿಯಬಹುದು. ಬೀಗದ ಬೆಲೆ ಅದು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಅಂತ ಕೆಲವರು ಕೇಳುತ್ತಾರೆ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಅದನ್ನು 2029ರವರೆಗೆ ವಿಸ್ತರಿಸಲಾಗಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿ ಹಿಡಿದಿದೆ. ಆದರೆ ಅಲ್ಲಿ ಬಂದೂಕಿಗೆ ಹೂವಿಟ್ಟು ಪೂಜೆ ಮಾಡಲು ಕೈಲ್‌ಪೊಳ್ದ್ ಅಂತ ಹಬ್ಬವೇ ಇದೆ. ತಲೆಮಾರುಗಳಿಂದ ಬಂದ ಸಂಸ್ಕಾರ ಅದು. ನಾವು ಆಯುಧ ಪೂಜೆ ದಿನ ತಕ್ಕಡಿಗೆ ಕುಂಕುಮ ಹಚ್ಚೋ ಜನ. ತಕ್ಕಡಿ ಹಿಡಿಯೋಕೂ ಒಬ್ಬ ಹಿರಿಯರು ಕಲಿಸಿರುತ್ತಾರೆ. ರಿವಾಲ್ವರ್ ಮಾತ್ರ ಕಲಿಯದೇ ಬಂದುಬಿಡುತ್ತದೆಯೇ?

ನಮ್ಮ ಬೇಡಿಕೆ

ಜಿಲ್ಲಾಧಿಕಾರಿಗಳಲ್ಲಿ ಒಂದು ವಿನಂತಿ. ಹೊಸ ಲೈಸೆನ್ಸ್ ಕೊಡುವಾಗಲೂ, ಹಳೇದು ನವೀಕರಿಸುವಾಗಲೂ ಆಯುಧ ಇಡುವ ಜಾಗವನ್ನು ಒಬ್ಬ ಅಧಿಕಾರಿ ಕಣ್ಣಾರೆ ನೋಡಿ ಬರಲಿ. ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ ಇಲ್ಲದಿದ್ದರೆ ಕಾಗದಕ್ಕೆ ಸಹಿ ಬೇಡ.

ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ಎರಡು. ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯ ಜೊತೆಗೆ ರಿವಾಲ್ವರ್ ಲೈಸೆನ್ಸ್‌ದಾರರಿಗೆ ವರ್ಷಕ್ಕೊಂದು ದಿನ ಬೇರೆಯಾಗಿ ಪಾಠ ಇಡಿ. ಮತ್ತು ಮಂಡಿಪೇಟೆ, ಚೌಕಿಪೇಟೆಯಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ, ಅಂಗಡಿ ಮುಚ್ಚಿ ದುಡ್ಡು ಮನೆಗೆ ಹೋಗೋ ಹೊತ್ತಿನಲ್ಲಿ, ಇಬ್ಬರು ಪೇದೆಗಳು ಓಡಾಡಲಿ. ವರ್ತಕ ರಿವಾಲ್ವರ್ ಕೇಳೋದು ಪೇದೆ ಕಾಣದಿದ್ದಾಗ. ಖಾಕಿ ಕಂಡರೆ ಅರ್ಧ ಅರ್ಜಿ ತಾನಾಗಿ ಕಡಿಮೆಯಾದಾವು.

ಸಾಹುಕಾರರಿಗೆ ಮೂರು ಮಾತು. ದಿನವೂ ಅದೇ ಹೊತ್ತು, ಅದೇ ದಾರಿಯಲ್ಲಿ ಚೀಲ ಹಿಡಿದು ಒಬ್ಬರೇ ಹೋಗಬೇಡಿ. ಕಳವು ವಿಮೆ ಮಾಡಿಸಿ. ರಿವಾಲ್ವರಿಗೆ ಹಾಕೋ ದುಡ್ಡಿನಲ್ಲಿ ಎಷ್ಟು ವರ್ಷದ ಕಂತು ಕಟ್ಟಬಹುದು ಅಂತ ನಿಮ್ಮ ಗುಮಾಸ್ತರನ್ನೇ ಕೇಳಿ. ಇಷ್ಟಾದ ಮೇಲೂ ಆಯುಧ ಬೇಕೇಬೇಕು ಅಂದರೆ ಮೊದಲು ಪೆಟ್ಟಿಗೆ, ಆಮೇಲೆ ಪಾಠ, ಕಟ್ಟಕಡೆಗೆ ರಿವಾಲ್ವರ್.

ಆ ವರ್ತಕರು ಈಗ ಆಯುಧವನ್ನು ಮನೆಯ ತಿಜೋರಿಗೆ ಹಾಕಿ, ಗುಂಡನ್ನು ಬೇರೆ ಖಾನೆಗೆ ಹಾಕಿದ್ದಾರೆ. ಗಲ್ಲಾ ಪೆಟ್ಟಿಗೆಗೂ ಬೀಗ ಬಂದಿದೆ. ಚಹಾದ ಹುಡುಗನಿಗೆ ಅವರು ತಾವೇ ಎಣಿಸಿ ಚಿಲ್ಲರೆ ಕೊಡುತ್ತಾರೆ. ನಿನ್ನೆ ಆ ಹುಡುಗ ನಮಗೂ ಒಂದು ಅರ್ಧ ಚಹಾ ತಂದುಕೊಟ್ಟ. ಕುಡಿದೆವು. ಅಷ್ಟು ರುಚಿಯಾದ ಚಹಾ ಕುಡಿದು ಬಹಳ ದಿನ ಆಗಿತ್ತು.