ಮುತ್ತಜ್ಜನ ಸಾಲಪತ್ರ

ಮಡಿವಾಳದ ಪಕ್ಕದ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ವಾಹನಗಳ ನಡುವೆ ಸಿಲುಕಿದಾಗಲೆಲ್ಲ ನನಗೆ ಮುತ್ತಜ್ಜನ ನೆನಪಾಗುತ್ತದೆ. 1948ರ ಕಾಯ್ದೆಯಂತೆ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿಯಿಂದ ಆ ಸ್ಥಳಕ್ಕೆ ಹೆಸರು ಬಂತು. ನನ್ನ ಮುತ್ತಜ್ಜನೂ ರೇಷ್ಮೆಯವರೇ. ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದಲ್ಲಿ ಕುದಿಯುವ ನೀರಿನ ಗೂಡುಗಳಿಗೆ ಬೆರಳಿಟ್ಟು, ಚರಕದ ಮೇಲೆ ನೂಲು ಬಿಚ್ಚುತ್ತಿದ್ದ ಬಡವರು.

ನಮ್ಮ ಮನೆಯಲ್ಲಿ ಅವರ ಬಗ್ಗೆ ಒಂದೇ ಮಾತು ಉಳಿದಿತ್ತು: 'ದುಂದುಗಾರ, ಮನೆ ಕಳೆದವರು.' ಕಳೆದ ವರ್ಷ ದಾದಿಯ ತಗಡಿನ ಪೆಟ್ಟಿಗೆಯಲ್ಲಿ 1930ರ ದಶಕದ ಒಂದು ಅಡಮಾನ ಪತ್ರ ಸಿಕ್ಕಿತು. ಗೂಡು ಖರೀದಿಗೆಂದು ಮನೆಯನ್ನು ಒತ್ತೆಯಿಟ್ಟು ಸಾಲ ಪಡೆದಿದ್ದರು. ಕೆಳಗೆ ಹೆಬ್ಬೆಟ್ಟಿನ ಗುರುತು. 'ಸತ್ತವರ ಸಾಲವನ್ನು ಯಾಕೆ ಕೆದಕುತ್ತೀಯ ಬೇಟಾ?' ಎಂದರು ಚಾಚಾ.

ಕೆದಕಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ನ್ಯಾಯ. ರೀಲರ್ ಗೂಡನ್ನು ಇಂದು ಕೊಂಡು, ನೂಲನ್ನು ನಾಳೆ ಮಾರುತ್ತಾನೆ. ನಡುವೆ ಬೆಲೆ ಕುಸಿದರೆ ಅವನ ಬಂಡವಾಳ ಮುಳುಗುತ್ತದೆ. 1930ರ ದಶಕದ ಆರಂಭದಲ್ಲಿ ನಡೆದದ್ದು ಅದೇ. ಜಗತ್ತಿನ ಆರ್ಥಿಕ ಕುಸಿತದೊಂದಿಗೆ ಚೀನಾ, ಜಪಾನ್‌ಗಳ ಅಗ್ಗದ ರೇಷ್ಮೆ ಮಾರುಕಟ್ಟೆಗೆ ನುಗ್ಗಿ, ಮೈಸೂರಿನ ರೇಷ್ಮೆ ತತ್ತರಿಸಿತು. ಕೊನೆಗೆ ಭಾರತದ ಸುಂಕ ಮಂಡಳಿಯೇ ಈ ಕಸುಬಿನ ರಕ್ಷಣೆಯ ಕುರಿತು ವಿಚಾರಣೆ ನಡೆಸಬೇಕಾಯಿತು. ಪತ್ರದ ತಾರೀಖನ್ನು ಈ ಇತಿಹಾಸದ ಪಕ್ಕದಲ್ಲಿಟ್ಟಾಗ ನನಗೆ ದುಂದುಗಾರ ಕಾಣಲಿಲ್ಲ. ಕಸುಬನ್ನು ಉಳಿಸಿಕೊಳ್ಳಲು ಸೂರನ್ನೇ ಒತ್ತೆಯಿಟ್ಟ ಕಾರ್ಮಿಕ ಕಂಡರು. ಮೃತರನ್ನು ನಿಂದಿಸಬಾರದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ನಾವು ಮೂರು ತಲೆಮಾರುಗಳಿಂದ ಅದನ್ನೇ ಮಾಡುತ್ತ ಬಂದಿದ್ದೆವು.

ಎರಡನೆಯದು ಹೊಣೆ. ಸಾಲವನ್ನು ಬರೆದಿಡಬೇಕೆಂಬ ಆದೇಶವಿರುವ ಅಲ್‌ಬಕರಾ ಅಧ್ಯಾಯದ 282ನೆಯ ವಚನವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ. ವಾರಸುದಾರರಿಗೆ ಪಾಲು ಹಂಚುವ ಮೊದಲು ಮೃತನ ಸಾಲ ತೀರಬೇಕೆಂದು ಅನ್ನಿಸಾ ಅಧ್ಯಾಯ ವಿಧಿಸುತ್ತದೆ. ಸಾಲ ಉಳಿಸಿ ಮೃತಪಟ್ಟ ಒಬ್ಬರ ಜನಾಝಾ ನಮಾಝಿಗೆ ಪ್ರವಾದಿವರ್ಯರು(ಸ) ಮುಂದಾಗದಿದ್ದಾಗ, ಅಬೂ ಕತಾದಾ(ರ) ಆ ಸಾಲವನ್ನು ತಾವು ವಹಿಸಿಕೊಂಡರು. ಆಮೇಲೆಯೇ ನಮಾಝ್ ನೆರವೇರಿತು. ಆ ಸಹಾಬಿ ಮೃತರ ಮಗನೂ ಆಗಿರಲಿಲ್ಲ. ಹೀಗಿರುವಾಗ ಮೊಮ್ಮಕ್ಕಳಾದ ನಾವು ಪತ್ರವನ್ನು ಮಡಚಿಡುವುದು ಹೇಗೆ? ಮನೆ ಕೈತಪ್ಪಿದ್ದರಿಂದ ಸಾಲ ತೀರಿತೇ, ಅಥವಾ ಬಾಕಿ ಉಳಿಯಿತೇ ಎಂದು ನೋಡಬೇಕು. ಬಾಕಿಯಿದ್ದರೆ ಸಾಲ ಕೊಟ್ಟವರ ವಂಶಜರನ್ನು ಹುಡುಕಬೇಕು. ಎಷ್ಟು ಹುಡುಕಿದರೂ ಸಿಗದಿದ್ದರೆ ಏನು ಮಾಡಬೇಕೆಂದು ಉಲಮಾಗಳನ್ನು ಕೇಳಬೇಕು.

ಹುಡುಕುವ ದಾರಿಗಳೂ ಇವೆ: ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ, ಮಸೀದಿಯ ನಿಕಾಹ್ ದಫ್ತರ, ರಾಜ್ಯ ಪತ್ರಾಗಾರ. ಆದರೆ ಒಂದು ಎಚ್ಚರ ಬೇಕು. ಬಡವನ ಹೆಸರು ಸರಕಾರಿ ಕಡತಕ್ಕೆ ಬರುವುದು ಹೆಚ್ಚಾಗಿ ಅವನ ಸಂಕಷ್ಟದ ದಿನದಲ್ಲಿ: ಸಾಲ, ವ್ಯಾಜ್ಯ, ಆಸ್ಪತ್ರೆ, ಜೈಲು. ಅವನು ನಿಷ್ಠೆಯಿಂದ ದುಡಿದ ಸಾವಿರ ದಿನಗಳಿಗೆ ದಾಖಲೆಯಿರುವುದಿಲ್ಲ. ಆದುದರಿಂದ ಕಡತವನ್ನು ಅವನ ಇಡೀ ಬದುಕೆಂದು ಓದಬಾರದು.

ನಮ್ಮಲ್ಲಿ ಕೆಲವರು ವಂಶವೃಕ್ಷವನ್ನು ಹುಡುಕುವುದು ಅರಬ್ ಮೂಲದ ಹಿರಿಮೆಗಾಗಿ. ಕರ್ಮ ಹಿಂದುಳಿದವನನ್ನು ವಂಶ ಮುಂದೊಯ್ಯದೆಂದು ಹದೀಸ್ ಎಚ್ಚರಿಸಿದೆ. ಸ್ವಂತ ಕೈದುಡಿಮೆಯ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದೂ ಅದೇ ಪ್ರವಾದಿವರ್ಯರು(ಸ) ಕಲಿಸಿದರು. ಆ ಹೆಬ್ಬೆಟ್ಟಿನ ಗುರುತು ನನಗೆ ಯಾವ ವಂಶಾವಳಿಗಿಂತಲೂ ದೊಡ್ಡದು.

ಚಾಚಾ ಈಗ ಆಕ್ಷೇಪಿಸುವುದಿಲ್ಲ. ಮೊನ್ನೆ ಮಗ್‌ರಿಬ್ ನಮಾಝಿನ ನಂತರ ಮುತ್ತಜ್ಜನ ಹೆಸರು ಹಿಡಿದು ದುಆ ಮಾಡಿದರು. ನನ್ನ ನೆನಪಿನಲ್ಲಿ ನಮ್ಮ ಮನೆಯಲ್ಲಿ ಅದು ಮೊದಲ ಬಾರಿ. ಅಲ್ಲಾಹನು ನಮ್ಮ ಹಿರಿಯರ ಭಾರಗಳನ್ನು ಇಳಿಸಲಿ, ಅವರ ಹಕ್ಕನ್ನು ಸಲ್ಲಿಸುವ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.