ಮೂಗಿನಲ್ಲಿ ದುರ್ಮಾಂಸವೇ? ಒಂದು ಕಡೆಯೋ, ಎರಡೂ ಕಡೆಯೋ ನೋಡಿ

"ಅಯ್ಯೋ, ಬರೀ ಶೀತ ಕಣ್ರೀ, ಹೋಗುತ್ತೆ ಬಿಡಿ." ನಮ್ಮ ಮನೆಗಳಲ್ಲಿ ಮೂಗಿನ ಯಾವ ತೊಂದರೆಗೂ ಮೊದಲು ಸಿಗುವ ಉತ್ತರ ಇದೇ. ಮಗು ಎರಡು ಸಲ ಸೀನಿದರೆ ಡಾಕ್ಟರ ಬಳಿ ಓಡುವ ತಾಯಿ, ತನ್ನ ಮೂಗು ಆರು ತಿಂಗಳಿಂದ ಕಟ್ಟಿಕೊಂಡಿದ್ದರೂ ಮೆಣಸಿನ ಕಷಾಯ, ನೀಲಗಿರಿ ಎಣ್ಣೆ, ಹಬೆ, ಇಷ್ಟರಲ್ಲೇ ದಿನ ದೂಡುತ್ತಾಳೆ. ಕೊನೆಗೊಂದು ದಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಒಳಗೆ ದುರ್ಮಾಂಸ ಬೆಳೆದಿದೆಯಮ್ಮಾ" ಎಂದಾಗ ಎದೆ ಧಸಕ್ಕೆನ್ನುತ್ತದೆ. ಇದು ಕ್ಯಾನ್ಸರೇ? ವೈರಸ್ಸಿನಿಂದ ಬಂತಂತೆ, ಹೌದೇ? ಮಕ್ಕಳಿಗೆ ಅಂಟುತ್ತದೆಯೇ? ಈ ಸಲ ಈ ಪ್ರಶ್ನೆಗಳನ್ನೇ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಸಮಾಧಾನದ ಮಾತು. ಮೂಗಿನಲ್ಲಿ ಬೆಳೆಯುವ ಮಾಂಸದಲ್ಲಿ ಹೆಚ್ಚಿನದು ಕ್ಯಾನ್ಸರ್ ಅಲ್ಲ. ಆದರೆ ನಾವು 'ದುರ್ಮಾಂಸ' ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಒಂದೇ ಕಾಯಿಲೆಯನ್ನಲ್ಲ. ಕೆಲವು ನಮ್ಮ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಮಾಡಿಕೊಂಡದ್ದು. ಕೆಲವದರಲ್ಲಿ ವೈರಸ್ಸಿನ ಕೈವಾಡವಿರಬಹುದು. ಇವನ್ನು ಬೇರೆ ಬೇರೆಯಾಗಿ ಗುರುತಿಸದೆ ಎಲ್ಲಕ್ಕೂ ಒಂದೇ ಔಷಧಿ ಮಾಡುವುದರಲ್ಲಿಯೇ ಅಪಾಯ ಇರುವುದು.

ಮೂಗಿನ ಒಳಮನೆ

ಮೂಗಿನ ನಡುವೆ ಒಂದು ಗೋಡೆ, ಅದರ ಎರಡು ಪಕ್ಕಕ್ಕೂ ಒಂದೊಂದು ಓಣಿ. ಈ ಓಣಿಗಳ ಸುತ್ತ ಮೂಳೆಯೊಳಗೆ ಗಾಳಿ ತುಂಬಿದ ನಾಲ್ಕು ಜೊತೆ ಕೋಣೆಗಳಿವೆ: ಕೆನ್ನೆಗಳಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ, ಮತ್ತೆ ಮೂಗಿನ ಹಿಂದೆ ತಲೆಬುರುಡೆಯ ಬುಡದಲ್ಲಿ. ಇವೇ ಸೈನಸ್‌ಗಳು. ಮನೆಯ ಗೋಡೆಗೆ ಸುಣ್ಣ ಬಳಿದ ಹಾಗೆ ಓಣಿಗೂ ಕೋಣೆಗಳಿಗೂ ಒಂದೇ ಲೋಳೆಪೊರೆಯ ಹೊದಿಕೆ.

ಸಿಂಬಳ ಮಿದುಳಿನಿಂದ ಸೋರಿ ಬರುತ್ತದೆಂದು ಯೂರೋಪಿನಲ್ಲಿ ಬಹುಕಾಲ ನಂಬಿದ್ದರು. ಹಾಗಲ್ಲ, ಅದು ಈ ಪೊರೆಯಲ್ಲೇ ಹುಟ್ಟುತ್ತದೆ ಎಂದು 1660ರ ದಶಕದಲ್ಲಿ ತೋರಿಸಿಕೊಟ್ಟವನು ಜರ್ಮನಿಯ ಕಾನ್ರಾಡ್ ವಿಕ್ಟರ್ ಷ್ನೈಡರ್. ಇಂದಿಗೂ ವೈದ್ಯರು ಇದನ್ನು ಷ್ನೈಡರನ ಪೊರೆ ಎನ್ನುವುದುಂಟು. ನಾವು ಹೇಳಹೊರಟಿರುವ ಬೆಳವಣಿಗೆಗಳೆಲ್ಲ ಹೆಚ್ಚಾಗಿ ಹುಟ್ಟುವುದು ಈ ಪೊರೆಯಲ್ಲೇ.

ಅಡಿಗೆಮನೆಯಲ್ಲೇ ಒಂದು ಪರೀಕ್ಷೆ

ತಣ್ಣಗಿರುವ ಸ್ಟೀಲ್ ತಟ್ಟೆಯೊಂದನ್ನು ಒರೆಸಿ ಮೂಗಿನ ಕೆಳಗೆ ಅಡ್ಡಲಾಗಿ ಹಿಡಿಯಿರಿ. ಬಾಯಿ ಮುಚ್ಚಿ ಮೆಲ್ಲಗೆ ಉಸಿರು ಬಿಡಿ. ತಟ್ಟೆಯ ಮೇಲೆ ಎರಡು ಮಂಜಿನ ಮಚ್ಚೆ ಮೂಡಬೇಕು. ಎರಡರಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು ಆದರೆ ಗಾಬರಿ ಬೇಡ. ಆರೋಗ್ಯವಾಗಿರುವವರಿಗೂ ಹೊತ್ತಿಗೊಂದು ಹೊಳ್ಳೆ ಸರದಿಯಂತೆ ಬಿಗಿಯಾಗುತ್ತದೆ. ಆದರೆ ವಾರಗಟ್ಟಲೆ, ಯಾವ ಹೊತ್ತಿನಲ್ಲಿ ನೋಡಿದರೂ ಅದೇ ಕಡೆಯ ಮಚ್ಚೆ ಮೂಡದಿದ್ದರೆ ಅದನ್ನು ಶೀತವೆಂದು ತಳ್ಳಿಹಾಕಬೇಡಿ.

ಈ ತಟ್ಟೆ ಕಾಯಿಲೆಯ ಹೆಸರು ಹೇಳುವುದಿಲ್ಲ. ಡಾಕ್ಟರರು ಕೇಳುವ ಮೊದಲ ಪ್ರಶ್ನೆಗೆ, ಅಂದರೆ "ಒಂದು ಕಡೆಯೋ, ಎರಡೂ ಕಡೆಯೋ?" ಎಂಬುದಕ್ಕೆ, ನಿಮ್ಮ ಕೈಗೆ ಉತ್ತರ ಕೊಡುತ್ತದೆ. ಅಷ್ಟು ಸಾಕು.

ಎರಡೂ ಕಡೆಯಾದರೆ: ಕಾವಲುಗಾರನ ಅವಾಂತರ

ಎರಡೂ ಹೊಳ್ಳೆಗಳಲ್ಲಿ ಬೆಳೆಯುವುದು ಸಾಮಾನ್ಯವಾಗಿ 'ಪಾಲಿಪ್'. ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಬಿಳಿಚಿಕೊಂಡು, ತೇವವಾಗಿ ತೂಗುತ್ತಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ನಿಜ ಹೇಳಬೇಕೆಂದರೆ ಇದು ಗಡ್ಡೆಯೇ ಅಲ್ಲ. ಊದಿಕೊಂಡು ನೀರು ತುಂಬಿ ಜೋತುಬಿದ್ದ ಲೋಳೆಪೊರೆ.

ಏಕೆ ಊದಿಕೊಳ್ಳುತ್ತದೆ? ನಮ್ಮ ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ಕಣಗಳಿವೆ. ಇಯೋಸಿನ್ ಎಂಬ ಬಣ್ಣ ಹಚ್ಚಿದಾಗ ಕೆಂಪಗೆ ಹೊಳೆಯುವ ಇವನ್ನು 1879ರಲ್ಲಿ ಗುರುತಿಸಿದವರು ಪಾಲ್ ಎರ್ಲಿಕ್. ಹೊಟ್ಟೆಹುಳುವಿನಂಥ ಶತ್ರುಗಳ ಮೇಲೆ ಬೀಳುವುದು ಇವುಗಳ ಕೆಲಸ. ಇವಕ್ಕೆ ಜೊತೆಯಾಗಿ ದುಡಿಯುವ ಇನ್ನೊಂದು ವಸ್ತು 'ಐ.ಜಿ.ಇ.' ಎಂಬ ಪ್ರತಿಕಾಯ. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿಗಳು, ಕಿಮಿಶಿಗೆ ಮತ್ತು ತೆರುಕೋ ಇಶಿಜಾಕ, ಇದನ್ನು 1966ರಲ್ಲಿ ಕಂಡುಹಿಡಿದರು. ಗಂಡ ಹೆಂಡತಿ ಒಂದೇ ಪ್ರಯೋಗಶಾಲೆಯಲ್ಲಿ ಸಮಾನವಾಗಿ ದುಡಿದು ಮಾಡಿದ ಕೆಲಸವಿದು ಎಂಬುದನ್ನು ನಾವು ಹೆಂಗಸರು ನೆನಪಿಡಬೇಕು.

ಕೆಲವರ ಮೂಗಿನಲ್ಲಿ ಈ ಕಾವಲುಗಾರರು ಶತ್ರುವಿಲ್ಲದಿದ್ದರೂ ಜಮಾಯಿಸುತ್ತಾರೆ. ಕಳ್ಳ ಬಂದಿಲ್ಲ, ಆದರೂ ಕಾವಲುಗಾರ ದೊಣ್ಣೆ ಬೀಸಿ ಮನೆಯ ಗೋಡೆಯನ್ನೇ ಒಡೆದ ಹಾಗೆ. ಇವರಲ್ಲಿ ಹಲವರಿಗೆ ದಮ್ಮೂ ಇರುತ್ತದೆ. ಮೂಗಿನ ಪೊರೆ, ಶ್ವಾಸಕೋಶದ ಪೊರೆ ಎರಡೂ ಒಂದೇ ದಾರಿಯ ಮುಂದುವರಿಕೆ ತಾನೇ!

ಆದ್ದರಿಂದಲೇ ಪಾಲಿಪ್ಪನ್ನು ಕತ್ತರಿಸಿ ತೆಗೆದರೂ ಮತ್ತೆ ಬರುತ್ತದೆ. "ದುಡ್ಡು ಸುರಿದು ಆಪರೇಷನ್ ಮಾಡಿಸಿದೆವು, ಎರಡು ವರ್ಷದಲ್ಲಿ ಮತ್ತೆ ಶುರು" ಎಂದು ಗೋಳಿಡುವವರು ಬಹಳ. ಆಪರೇಷನ್ ದಾರಿ ಬಿಡಿಸುತ್ತದೆ, ಕಾವಲುಗಾರನ ಸ್ವಭಾವ ತಿದ್ದುವುದಿಲ್ಲ. ಅದನ್ನು ಹದ್ದಿನಲ್ಲಿಡುವುದು ಡಾಕ್ಟರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ. ಹೆಸರು ಕೇಳಿಯೇ ಹೆದರಿ ಬಿಡಬೇಡಿ. ಸ್ಪ್ರೇಯಲ್ಲಿರುವ ಪ್ರಮಾಣ ಬಹಳ ಕಡಿಮೆ, ಅದರಲ್ಲೂ ಮೈಗೆ ಹೋಗುವುದು ಅತ್ಯಲ್ಪ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಾಕಿಕೊಳ್ಳಿ. ಆಗ ಔಷಧಿ ನಡುಗೋಡೆಗೆ ಬಡಿಯದೆ ಹೊರಗೋಡೆಯ ಕಡೆಗೆ ಹೋಗುತ್ತದೆ. ಗುಣ ಕಾಣಲು ವಾರಗಳು ಬೇಕು. ನಾಲ್ಕು ದಿನ ಹಾಕಿ "ಪ್ರಯೋಜನವಿಲ್ಲ" ಎಂದು ಕಪಾಟಿಗೆ ಎಸೆದರೆ ತಪ್ಪು ಔಷಧಿಯದಲ್ಲ.

ಯಾವುದಕ್ಕೂ ಬಗ್ಗದ ಪಾಲಿಪ್‌ಗೆ, ಈ ಕಾವಲುಗಾರರ ನಡುವೆ ಓಡಾಡುವ ಸುದ್ದಿಯನ್ನೇ ತಡೆಯುವ ಡ್ಯುಪಿಲುಮ್ಯಾಬ್ ಎಂಬ ಇಂಜೆಕ್ಷನ್ನಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ನಮ್ಮಂಥವರಿಗೆ ಬಲು ಭಾರ.

ಮಾತ್ರೆಯ ಬಗ್ಗೆ ಎಚ್ಚರ

ಪಾಲಿಪ್, ದಮ್ಮು ಎರಡೂ ಇರುವ ಕೆಲವರಿಗೆ ಆಸ್ಪಿರಿನ್ ಆಗುವುದಿಲ್ಲ. ಫ್ರಾನ್ಸಿನ ವೈದ್ಯ ವಿಡಾಲ್ ಈ ಮೂರರ ನಂಟನ್ನು 1922ರಲ್ಲೇ ಬರೆದಿಟ್ಟಿದ್ದ. ತಲೆನೋವೆಂದು ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮೂಗು ಸುರಿದು, ಮುಖ ಕೆಂಪೇರಿ, ಉಸಿರು ಕಟ್ಟಬಹುದು. ಆಸ್ಪಿರಿನ್ ಆಗದವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಆಗುವುದಿಲ್ಲ. ಮೈಕೈ ನೋವಿಗೆಂದು ಪಕ್ಕದ ಮನೆಯವರು ಕೊಟ್ಟ ಮಾತ್ರೆಯಲ್ಲಿ ಇವೇ ಇರುವುದು ಹೆಚ್ಚು. ಹೀಗೊಮ್ಮೆ ಆಗಿದ್ದರೆ ಆ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಪ್ರತಿ ಡಾಕ್ಟರಿಗೂ ತೋರಿಸಿ.

ಇನ್ನೊಂದು ಮಾತು ಗೃಹಿಣಿಯರಿಗಾಗಿಯೇ. ಪಾಲಿಪ್ ಇದ್ದರೆ ವಾಸನೆ ತಿಳಿಯುವುದಿಲ್ಲ. ಒಗ್ಗರಣೆ ಸೀದದ್ದು, ಹಾಲು ಒಡೆದದ್ದು ಗೊತ್ತಾಗದಿದ್ದರೆ ಮನೆಯವರು ನಕ್ಕಾರು. ಗ್ಯಾಸ್ ಸೋರಿದ್ದು ಗೊತ್ತಾಗದಿದ್ದರೆ? ಇಂಗಿನ ಡಬ್ಬಿ ತೆರೆದು ಮೂಸಿ ನೋಡಿ. ಆ ಘಾಟೂ ತಿಳಿಯದಿದ್ದರೆ ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮನೆಯ ಬೇರೊಬ್ಬರಿಂದ ವಾಸನೆ ನೋಡಿಸಿ, ರಾತ್ರಿ ರೆಗ್ಯುಲೇಟರ್ ಮುಚ್ಚಿ ಮಲಗಿ.

ಒಂದೇ ಕಡೆಯಾದರೆ: ಕಾಯುವುದು ಬೇಡ

ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ಅದೇ ಕಡೆ ನೀರು ಅಥವಾ ರಕ್ತ ಜಿನುಗುತ್ತಿದ್ದರೆ ಕಾರಣ ಬೇರೆ ಇರಬಹುದು. ಸುಲಭದ ಕಾರಣಗಳೂ ಇವೆ: ನಡುಗೋಡೆ ಸೊಟ್ಟಗಿರುವುದು, ಮೇಲಿನ ಹುಳುಕುಹಲ್ಲಿನ ಕೀವು ಕೆನ್ನೆಯ ಸೈನಸ್ಸಿಗೆ ಏರಿರುವುದು, ಪುಟ್ಟ ಮಗು ಕಡಲೆಬೀಜ ತೂರಿಸಿಕೊಂಡಿರುವುದು. ಕೆರೆ ಹೊಂಡಗಳಲ್ಲಿ ಮೀಯುವವರಲ್ಲಿ, ಕೆಂಪಗೆ ಬಿಳಿ ಚುಕ್ಕೆಗಳಿರುವ, ಮುಟ್ಟಿದರೆ ರಕ್ತ ಬರುವ ರೈನೋಸ್ಪೊರಿಡಿಯೋಸಿಸ್ ಎಂಬ ಬೆಳವಣಿಗೆ ನಮ್ಮ ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಕಾಣುತ್ತದೆ. ಇದು ವೈರಸ್ಸಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಇವುಗಳ ನಡುವೆ ಅಡಗಿರಬಹುದಾದ್ದು 'ಇನ್‌ವರ್ಟೆಡ್ ಪ್ಯಾಪಿಲೋಮ'. ಇದು ನಿಜವಾದ ಗಡ್ಡೆ. ಹೊರಕ್ಕೆ ಬೆಳೆಯುವ ಬದಲು ಒಳಮುಖವಾಗಿ ಬೇರು ಬಿಡುವುದರಿಂದ ಈ ಹೆಸರು. ನಲವತ್ತು ದಾಟಿದ ಗಂಡಸರಲ್ಲಿ ಹೆಚ್ಚು, ಹೆಂಗಸರಿಗೂ ಬರುತ್ತದೆ. ಕ್ಯಾನ್ಸರ್ ಅಲ್ಲದಿದ್ದರೂ ಇದಕ್ಕೆ ಎರಡು ಕೆಟ್ಟ ಚಾಳಿ. ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಜೊತೆಗೋ ಮುಂದೆಯೋ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ.

ವೈರಸ್ಸಿನ ಮಾತು ಬರುವುದು ಇಲ್ಲಿ. ಕೈಮೇಲೆ ಏಳುವ ನರುಲಿ ಗೊತ್ತಲ್ಲ? ಅದನ್ನು ತರುವ ಎಚ್.ಪಿ.ವಿ. ಎಂಬ ವೈರಸ್ಸಿನ ವಂಶ ದೊಡ್ಡದು. 200ಕ್ಕೂ ಹೆಚ್ಚು ಬಗೆ. ಅದರಲ್ಲಿ ಕೆಲವು ಗರ್ಭಕಂಠದ ಕ್ಯಾನ್ಸರಿಗೆ ಕಾರಣವೆಂದು ತೋರಿಸಿದ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಇದೇ ವಂಶದ 6, 11, 16, 18 ಎಂಬ ಬಗೆಗಳು ಮೂಗಿನ ಪ್ಯಾಪಿಲೋಮಗಳಲ್ಲೂ ಸಿಕ್ಕಿವೆ. ಹಾಗೆಂದು ಎಲ್ಲರಲ್ಲೂ ಅಲ್ಲ. ಮೂಗಿನ ನಡುಗೋಡೆಯ ಮೇಲೆ ಹೊರಮುಖವಾಗಿ ನರುಲಿಯಂತೆ ಬೆಳೆಯುವ ಜಾತಿಯಲ್ಲಿ 6, 11 ಹೆಚ್ಚಾಗಿ ಸಿಗುತ್ತವೆ. ಒಳಮುಖದ ಜಾತಿಯಲ್ಲಿ ಬಹಳ ಮಂದಿಯಲ್ಲಿ ವೈರಸ್ಸೇ ಇರುವುದಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2015ರಲ್ಲಿ ಇಂಥ ಗಡ್ಡೆಗಳ ಜೀನುಗಳನ್ನು ಪರೀಕ್ಷಿಸಿದಾಗ, ಜೀವಕೋಶಕ್ಕೆ "ಬೆಳೆ" ಎಂದು ಅಪ್ಪಣೆ ಕೊಡುವ ಒಂದು ಜೀನು ಹೆಚ್ಚಿನವುಗಳಲ್ಲಿ ಕೆಟ್ಟಿತ್ತು.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. "ವೈರಸ್" ಎಂಬ ಮಾತು ಕಿವಿಗೆ ಬಿದ್ದೊಡನೆ ಕೆಲವು ಮನೆಗಳಲ್ಲಿ ಸೊಸೆಯ ತಟ್ಟೆ ಲೋಟ ಬೇರೆಯಾಗುತ್ತದೆ, ಮೊಮ್ಮಗುವನ್ನು ಅವಳ ಮಗ್ಗುಲಿನಿಂದ ಎತ್ತಿಕೊಳ್ಳುತ್ತಾರೆ. ಎಚ್.ಪಿ.ವಿ. ಎಂದು ಓದಿದ ಗಂಡ ನಡತೆಯನ್ನೇ ಶಂಕಿಸಿದರೆ ಅವಳು ಯಾರಿಗೆ ಹೇಳಬೇಕು? ಸೋದರಿಯರೇ, ಮೂಗಿನ ಈ ಗಡ್ಡೆ ಒಟ್ಟಿಗೆ ಉಂಡರೆ, ಒಟ್ಟಿಗೆ ಮಲಗಿದರೆ ಅಂಟುವ ನೆಗಡಿಯಲ್ಲ. ಯಾರ ನಡತೆಗೂ ಅದು ಸಾಕ್ಷಿಯಲ್ಲ. ತಟ್ಟೆ ಬೇರೆ ಮಾಡುವ ಅಗತ್ಯವೇ ಇಲ್ಲ.

ಗಂಡುಮಕ್ಕಳ ತಾಯಂದಿರಿಗೊಂದು ಮಾತು. ಹರೆಯಕ್ಕೆ ಕಾಲಿಟ್ಟ ಹುಡುಗನಿಗೆ ಒಂದೇ ಕಡೆ ಮೂಗು ಕಟ್ಟಿ, ಪದೇ ಪದೇ ಧಾರಾಳವಾಗಿ ರಕ್ತ ಬರುತ್ತಿದ್ದರೆ "ಉಷ್ಣವಾಗಿದೆ" ಎಂದು ಎಳನೀರು ಕೊಟ್ಟು ಸುಮ್ಮನಾಗಬೇಡಿ. ಆಂಜಿಯೋಫೈಬ್ರೋಮ ಎಂಬ ರಕ್ತನಾಳಗಳ ಗಡ್ಡೆ ಈ ವಯಸ್ಸಿನ ಹುಡುಗರಿಗೇ ಬರುವಂಥದು. ಇದು ಕ್ಯಾನ್ಸರ್ ಅಲ್ಲ. ಆದರೆ ಸ್ಕ್ಯಾನ್ ಮಾಡಿಸದೆ ಯಾರೂ ಇದನ್ನು ಚಿವುಟಿ ನೋಡಬಾರದು, ಕೀಳಬಾರದು. ರಕ್ತ ನಿಲ್ಲಿಸುವುದು ಕಷ್ಟ. ದೊಡ್ಡ ಆಸ್ಪತ್ರೆಗೇ ಕರೆದೊಯ್ಯಿರಿ.

ತೆಗೆದ ತುಂಡು ಎಲ್ಲಿ ಹೋಯಿತು?

ಒಂದೇ ಕಡೆಯ ತೊಂದರೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರು ತೆಳುವಾದ ದುರ್ಬೀನು ಹಾಕಿ ನೋಡುತ್ತಾರೆ, ಬೇಕಾದರೆ ಸಿ.ಟಿ. ಸ್ಕ್ಯಾನ್ ಬರೆಯುತ್ತಾರೆ. ಗಡ್ಡೆಯ ಗುಟ್ಟು ಪೂರ್ತಿ ಬಿಡುವುದು ಸೂಕ್ಷ್ಮದರ್ಶಕದ ಕೆಳಗೆ. ಆದ್ದರಿಂದ ಆಪರೇಷನ್ ಆದ ಮೇಲೆ, "ಡಾಕ್ಟರೇ, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿದ್ದೀರಾ? ರಿಪೋರ್ಟು ಯಾವಾಗ ಬರುತ್ತದೆ?" ಎಂದು ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಪ್ಯಾಪಿಲೋಮ ಎಂದು ಬಂದರೆ ಮೂಗು ಚೆನ್ನಾಗಿದ್ದರೂ ವರ್ಷಗಟ್ಟಲೆ ತಪಾಸಣೆಗೆ ಹೋಗುತ್ತಿರಬೇಕು.

ಊರಿನ ಸಂತೆಯಲ್ಲಿ ಮೂಗಿಗೆ ಸುಡುವ ಔಷಧಿ ಹಾಕಿ "ಬೇರುಸಹಿತ ತೆಗೆಯುತ್ತೇನೆ" ಎನ್ನುವವರ ಕೈಗೆ ಮಾತ್ರ ಮೂಗು ಕೊಡಬೇಡಿ. ಅವರು ತೆಗೆದ ತುಂಡು ಯಾವ ಲ್ಯಾಬಿಗೂ ಹೋಗುವುದಿಲ್ಲ.

ಸಂಶಯ – ಸಮಾಧಾನ

ಎಚ್.ಪಿ.ವಿ. ಲಸಿಕೆ ಹಾಕಿಸಿದರೆ ಮೂಗಿನ ಗಡ್ಡೆ ಬರುವುದಿಲ್ಲವೇ?
ಅದಕ್ಕೆಂದು ಈ ಲಸಿಕೆ ಕೊಡುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯಲು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸುವುದು ಬಹಳ ಒಳ್ಳೆಯದು. 2023ರಲ್ಲಿ ಮಾರುಕಟ್ಟೆಗೆ ಬಂದ ನಮ್ಮ ದೇಶದ್ದೇ ಆದ 'ಸರ್ವಾವ್ಯಾಕ್' 6, 11, 16, 18 ಈ ನಾಲ್ಕೂ ಬಗೆಗಳ ವಿರುದ್ಧದ್ದು.

ಉಪ್ಪುನೀರಿನಿಂದ ಮೂಗು ತೊಳೆಯಬಹುದೇ?
ಪಾಲಿಪ್ ಇರುವವರಿಗೆ ಹಿತ. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಉಗುರು ಬೆಚ್ಚಗೆ ಆರಿಸಿ, ಒಂದು ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡಿಗೆ ಸೋಡ ಬೆರೆಸಿ. ಆಯಾ ದಿನದ್ದು ಆಯಾ ದಿನ. ನಲ್ಲಿ, ಬಾವಿ, ಟ್ಯಾಂಕಿನ ಹಸಿ ನೀರು ಖಂಡಿತ ಬೇಡ. ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಅದರಲ್ಲಿರಬಹುದು.

ಅಂಗಡಿಯಲ್ಲಿ ಸಿಗುವ ಮೂಗಿನ ಹನಿ ಹಾಕಿದರೆ ತಕ್ಷಣ ಬಿಡುತ್ತದಲ್ಲ?
ಬಿಡುತ್ತದೆ, ಮತ್ತೆ ಇನ್ನಷ್ಟು ಕಟ್ಟುತ್ತದೆ. ಐದು ದಿನಕ್ಕಿಂತ ಹೆಚ್ಚು ಬೇಡ.

ಸಂಸಾರದಲ್ಲಿ ನಮ್ಮ ಸರದಿ ಯಾವಾಗಲೂ ಕೊನೆಗೇ. ಬಡಿಸುವವಳು ಕೊನೆಗೆ ಉಣ್ಣುವ ಹಾಗೆ ಔಷಧಿಯೂ ಕೊನೆಗೆ. ಮೂಗಿನ ವಿಷಯದಲ್ಲಿ ಈ ಒಂದು ಲೆಕ್ಕ ಇಟ್ಟುಕೊಳ್ಳಿ: ಒಂದೇ ಕಡೆಯ ತೊಂದರೆ ಮೂರು ವಾರ ದಾಟಿದರೆ, ಮಕ್ಕಳ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ. ಆ ವಾರವೇ ಹೋಗಿ ತೋರಿಸಿಕೊಂಡು ಬನ್ನಿ.