ಡಬ್ಬ ಒಂದೇ, ಒಳಗಿನ ಬಣ್ಣ ಬೇರೆ

ಬಹುರಾಷ್ಟ್ರೀಯ ಬಣ್ಣದ ಕಂಪನಿಗಳು ಹೊಸ ದೇಶಕ್ಕೆ ಕಾಲಿಡುವಾಗ ತಪ್ಪದೆ ಆಡುವ ಮಾತು, ‘ಸ್ಥಳೀಯ ಅಗತ್ಯಕ್ಕೆ ತಕ್ಕ ಉತ್ಪನ್ನ’ ಎಂಬುದು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಯುರೋಪಿನ ಹಿಮಕ್ಕೆಂದು ರೂಪಿಸಿದ ಬಣ್ಣ ಮಲೆನಾಡಿನ ಆಷಾಢದ ಜಡಿಮಳೆಗೆ ಬಾಳಿಕೆ ಬರಬೇಕೆಂದಿಲ್ಲ. ಬಿಸಿಲು, ತೇವ, ಹಾವಸೆ, ಕೊಳ್ಳುವವರ ಕೈಯಳತೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೆ ಈ ಹೊಂದಾಣಿಕೆ ಹವೆಯೊಂದಿಗೆ ಮಾತ್ರ ನಡೆದದ್ದಲ್ಲ, ಆಯಾ ದೇಶದ ಕಾನೂನಿನ ಸಡಿಲಿಕೆಯೊಂದಿಗೂ ನಡೆದಿದೆ. ಅದು ಜಾಹೀರಾತಿನಲ್ಲಿ ಕಾಣದ ಸಂಗತಿ.

ಸೀಸದ ಕಥೆಯನ್ನೇ ನೋಡಬಹುದು. ಸೀಸದ ಕ್ರೋಮೇಟ್ ಹಳದಿ, ಕಿತ್ತಳೆ ಬಣ್ಣಗಳಿಗೆ ಗಾಢವಾದ ಹೊಳಪು ಕೊಡುತ್ತದೆ. ಸೀಸದ ಇತರ ಸಂಯುಕ್ತಗಳು ಎನಾಮಲ್ ಬೇಗ ಒಣಗಲು ನೆರವಾಗುತ್ತವೆ. ಅದೇ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಂತಿಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಟ್ಟಡಗಳ ಒಳಾಂಗಣದಲ್ಲಿ ಬಿಳಿಸೀಸದ ಬಳಕೆಯನ್ನು ನಿರ್ಬಂಧಿಸುವ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲಿಯೇ ಅಂಗೀಕರಿಸಿತ್ತು. ಅಮೆರಿಕ 1978ರಲ್ಲಿ ಮನೆಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿತು. ಅಂದರೆ ಸೀಸವಿಲ್ಲದೆ ಬಣ್ಣ ತಯಾರಿಸುವ ವಿದ್ಯೆ ಉದ್ಯಮಕ್ಕೆ ಹೊಸತೇನಲ್ಲ.

ಹಾಗಿದ್ದೂ, ಸಿನ್ಸಿನಾಟಿ ವಿಶ್ವವಿದ್ಯಾಲಯದ ಸ್ಕಾಟ್ ಕ್ಲಾರ್ಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಏನನ್ನು ಕಂಡಿತು? ಭಾರತ, ಚೀನಾ, ಮಲೇಷ್ಯಾಗಳಲ್ಲಿ ಕೊಂಡ ಹೊಸ ಬಣ್ಣಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಅಮೆರಿಕದ ಮಿತಿಯನ್ನು ಮೀರಿದ್ದವು. ಕಾನೂನು ಬಿಗಿಯಾಗಿದ್ದ ಸಿಂಗಪುರದಲ್ಲಿ ಸೀಸ ಬಹಳ ಕಡಿಮೆ. ಗಮನಿಸಬೇಕಾದದ್ದೆಂದರೆ, ಕೆಲವು ಬ್ರ್ಯಾಂಡುಗಳು ಎರಡೂ ಕಡೆ ಇದ್ದವು: ಕಾನೂನಿದ್ದಲ್ಲಿ ಶುದ್ಧ, ಇಲ್ಲದಲ್ಲಿ ಸೀಸಭರಿತ. ಇದನ್ನು ಸ್ಥಳೀಯ ಅಭಿರುಚಿ ಎನ್ನಲು ಸಾಧ್ಯವೇ? ಯಾವ ಊರಿನ ತಾಯಿಯೂ ತೊಟ್ಟಿಲಿಗೆ ಸೀಸ ಬೇಕೆಂದು ಕೇಳಿರಲಾರಳು.

ನಮ್ಮಲ್ಲಿ ಎಚ್ಚರಿಕೆಯ ದನಿ ಎದ್ದದ್ದು ಬೆಂಗಳೂರಿನಿಂದ. ಜಾರ್ಜ್ ಫೌಂಡೇಶನ್ 1999ರಲ್ಲಿ ನಗರಗಳ ಮಕ್ಕಳ ರಕ್ತ ಪರೀಕ್ಷೆಯ ಫಲಿತಾಂಶ ಮುಂದಿಟ್ಟಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಇದೇ ಮಾತನ್ನು ಹೇಳುತ್ತ ಬಂದರು. ಆದರೂ ದಶಲಕ್ಷಕ್ಕೆ 90 ಭಾಗವೆಂಬ ಮಿತಿಯ ನಿಯಮ ಹೊರಬರಲು 2016 ಆಗಬೇಕಾಯಿತು, ಜಾರಿಗೆ 2017ರ ನವೆಂಬರ್. ದೊಡ್ಡ ಕಂಪನಿಗಳು ಬಹುಮಟ್ಟಿಗೆ ದಾರಿಗೆ ಬಂದವು. ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯ ನಂತರದ ಪರೀಕ್ಷೆಗಳಲ್ಲಿಯೂ ಮಿತಿ ಮೀರಿದ ಡಬ್ಬಗಳು ಸಿಕ್ಕಿವೆ, ಹೆಚ್ಚಾಗಿ ಸಣ್ಣ ತಯಾರಕರವು. ನಿಯಮವಾದರೂ ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗಷ್ಟೇ. ಕೈಗಾರಿಕಾ ಬಣ್ಣಗಳು ಅದರ ಹೊರಗೆ. ಸಂಕ್ರಾಂತಿಯಂದು ಎತ್ತಿನ ಕೊಂಬಿಗೆ ಹಚ್ಚುವ ಎನಾಮಲ್ ಯಾವ ಡಬ್ಬದ್ದೆಂದು ಕೇಳುವವರು ವಿರಳ.

ಮಳೆನಾಡಿಗೆ ಇನ್ನೊಂದು ಹೊಂದಾಣಿಕೆಯೂ ಇದೆ. ಹೊರಗೋಡೆಯ ಬಣ್ಣಕ್ಕೆ ಬೂಷ್ಟು, ಹಾವಸೆ ಹಿಡಿಯದಂತೆ ಜೀವನಾಶಕ ಬೆರೆಸುತ್ತಾರೆ. ಕಳೆನಾಶಕಗಳೂ ಆಗಿರುವ ಡೈಯುರಾನ್, ಟೆರ್ಬುಟ್ರಿನ್‌ಗಳು ಗೋಡೆಯಿಂದ ಮಳೆನೀರಿನೊಂದಿಗೆ ಇಳಿದುಹೋಗುವುದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ದಾಖಲಿಸಿದ್ದಾರೆ. ಅಲ್ಲಿನ ಮಳೆಯೆಲ್ಲಿ, ಆಗುಂಬೆಯ ಮಳೆಯೆಲ್ಲಿ! ಗೋಡೆಯಿಂದ ಇಳಿದ ನೀರು ಅಂಗಳ ದಾಟಿ ತೋಟದ ಕಾದಿಗೆಗೆ, ಅಲ್ಲಿಂದ ಹಳ್ಳಕ್ಕೆ. ಡಬ್ಬದೊಳಗೆ ಯಾವ ಜೀವನಾಶಕ, ಎಷ್ಟು ಎಂಬುದನ್ನು ಕೊಳ್ಳುವವರ ಭಾಷೆಯಲ್ಲಿ ಮುದ್ರಿಸುವುದು ಸ್ಥಳೀಯ ಹೊಂದಾಣಿಕೆಯ ಮೊದಲ ಪಾಠವಾಗಬೇಕಿತ್ತು. ಸಾಗರ, ಸಿರ್ಸಿ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟು, ಗುರಿಗೆ ಕಾಯಿಯ ಹಳದಿ, ಸುಟ್ಟ ಅಕ್ಕಿಯ ಕಪ್ಪಿನಿಂದ ಚಿತ್ತಾರ ಬರೆಯುವಾಗ ಒಳಗೇನಿದೆಯೆಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಇನ್ನು ಹಳೆಯ ಬಣ್ಣದ ಪಾಡು. 2016ರ ನಿಯಮ ಹೊಸ ಡಬ್ಬಗಳನ್ನು ಕುರಿತದ್ದು, ಬಾಗಿಲು ಕಿಟಕಿಗಳ ಮೇಲೆ ದಶಕಗಳಿಂದ ಕೂತ ಪದರಗಳನ್ನಲ್ಲ. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಗಳ ಬಣ್ಣ ಕೆರೆಯುವ ಗುತ್ತಿಗೆದಾರರಿಗೆ 2010ರಿಂದ ತರಬೇತಿ, ಪ್ರಮಾಣಪತ್ರ ಕಡ್ಡಾಯ. ಇಲ್ಲಿ ಬೇಸಿಗೆ ರಜೆಯಲ್ಲಿ ಶಾಲೆಯ ಕಿಟಕಿಗಳನ್ನು ಉಪ್ಪುಕಾಗದದಿಂದ ಉಜ್ಜುವ ಕೂಲಿಯವರ ಮೂಗಿಗೆ ಒಂದು ಬಟ್ಟೆಯೂ ಇರುವುದಿಲ್ಲ. ಆ ಪುಡಿ ಜಗಲಿಯ ಮೇಲೆ ಬಿದ್ದಿರುವಾಗಲೇ ಜೂನ್ ಬರುತ್ತದೆ.